ಕೊಟ್ಟ ತೊಟ್ಟಿಲು, ಇಟ್ಟುಕೊಂಡ ಕೌದಿ

ಆ ಮಗು ಸತ್ತದ್ದು ತೊಟ್ಟಿಲಿನಿಂದ ಅಲ್ಲ. ಹೊಟ್ಟೆಯಲ್ಲಿ ಮಗು ಅಲುಗಾಡ್ತಿಲ್ಲ ಅಂತ ತಾಯಿ ಬೆಳಗ್ಗೆಯೇ ಹೇಳಿದಳು. ಅವಳನ್ನು ಮಿಷಿನ್ನಿನ ಮುಂದಿನಿಂದ ಎಬ್ಬಿಸಿ ಆಸ್ಪತ್ರೆಗೆ ಕಳಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಗಿದ್ದು ಇಷ್ಟೇ. ಆದರೆ ನಮ್ಮ ಬೀದಿಯಲ್ಲಿ ಇವತ್ತಿಗೂ ಹೇಳೋದು ಬೇರೆ. ಓನರಜ್ಜಿ ಹೆರಿಗೆಗೆ ಮುಂಚೆ ತೊಟ್ಟಿಲು ಕೊಟ್ಟಳು, ಅದಕ್ಕೇ ಹಾಗಾಯ್ತು ಅಂತಾರೆ. ಓನರಜ್ಜಿ ಅಂದರೆ ನಾನು. ಹೇಳೋರು ಹೇಳಿಕೊಳ್ಳಲಿ.

ನಮ್ಮದು ಜಿಗಣಿ ಹತ್ತಿರದ ಊರು. ರಾಗಿ ಬೆಳೀತಿದ್ದ ಹೊಲ ಫ್ಯಾಕ್ಟರಿಗಳಿಗೆ ಹೋಯಿತು. ಉಳಿದ ಜಾಗದಲ್ಲಿ ನನ್ನ ಮಗ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನೆ. ಮೇಲೆ ನಾವು, ಕೆಳಗೆ ಬಾಡಿಗೆಯವರು. ಬೊಮ್ಮಸಂದ್ರಕ್ಕೆ ಹೋಗೋ ಗಂಡಸರು, ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರು. ಒಂದೊಂದು ಬಾಗಿಲಲ್ಲಿ ಒಂದೊಂದು ಊರಿನ ಮಾತು, ಒಂದೊಂದು ಒಗ್ಗರಣೆ ವಾಸನೆ.

ಉಡುಗೊರೆ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಕುಂಕುಮಕ್ಕೆ ಕರೆದು ಕೊಡೋ ರವಿಕೆ ಕಣವನ್ನು ನಮ್ಮ ಕಡೆ ಯಾರೂ ಹೊಲಿಸಿಕೊಳ್ಳೋದಿಲ್ಲ. ನನಗೆ ಬಂದದ್ದನ್ನು ನಾದಿನಿಗೆ ಕೊಡ್ತೀನಿ, ಅವಳು ಬೀಗಿತಿಗೆ ಕೊಡ್ತಾಳೆ, ಬೀಗಿತಿ ಇನ್ಯಾರಿಗೋ. ಒಂದು ಸಲ ನಾನು ಕೊಟ್ಟ ಕಣವೇ ಊರೆಲ್ಲ ಸುತ್ತಿ ನನ್ನ ಮಡಿಲಿಗೇ ಬಿತ್ತು, ನಾನೇ ಚೆಲ್ಲಿದ ಅರಿಶಿನದ ಕಲೆ ಸಮೇತ. ಇಸ್ಕೊಂಡು ಮುಂದಿನ ಹಬ್ಬಕ್ಕೆ ಇನ್ನೊಬ್ಬಳಿಗೆ ದಾಟಿಸಿದೆ. ಹೊಲ ಹೋಗಿ ಕೈಯಲ್ಲಿ ದುಡ್ಡು ಆಡಿದ ಮೇಲೆ ಉಡುಗೊರೆಗಳೂ ದಪ್ಪ ಆದವು. ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು ಇನ್ನೂ ಡಬ್ಬದಲ್ಲೇ ಇವೆ. ಕೊಟ್ಟವರ ಹೆಸರು ಗಾಜಿನ ಮೇಲೆ ಬರೆದಿದೆ, ಮುಖ ಮಾತ್ರ ಜ್ಞಾಪಕಕ್ಕೆ ಬರೋದಿಲ್ಲ.

ಮುಖ ಜ್ಞಾಪಕ ಇರೋ ಉಡುಗೊರೆ ನನ್ನ ಜೀವಮಾನಕ್ಕೆಲ್ಲ ಎರಡೇ. ಮೊದಲನೆಯದು ನಮ್ಮಪ್ಪ ತಂದ ತೊಟ್ಟಿಲು. ಚೊಚ್ಚಲು ಬಾಣಂತನ ತವರಿನದು, ತೊಟ್ಟಿಲೂ ತವರಿನದೇ, ನಮ್ಮಲ್ಲಿ ಅದು ಹಾಗೆ. ಬಾಣಂತನ ಮುಗಿಸಿ ಮಗು ಎತ್ತಿಕೊಂಡು ನಾನು ಗಂಡನ ಮನೆಗೆ ಬಂದ ಮೇಲೆ, ಅಪ್ಪ ಅದನ್ನು ತಲೆ ಮೇಲೆ ಹೊತ್ತುಕೊಂಡು ಕೆರೆ ಏರಿ ಮೇಲೆ ನಡೆದು ಬಂದ. ಹಲಸಿನ ಮರದ್ದು. ಸುತ್ತ ಕಡೆದ ಗೂಟಗಳು, ತಲೆಯ ಕಡೆ ಎರಡು ಹಸಿರು ಗಿಣಿ. ಪಡಸಾಲೆಯಲ್ಲಿ ಇಳಿಸಿ, "ಇಗಾ, ನಿಮ್ಮವ್ವ ಕಳಿಸವ್ಳೆ" ಅಂದ. ಮಜ್ಜಿಗೆ ಕುಡಿದು ಹೊರಟುಬಿಟ್ಟ. ನಮ್ಮತ್ತೆ ಅವತ್ತು ಮೊದಲನೇ ಸಲ ನನಗೆ ತಟ್ಟೆ ತುಂಬ ಬಡಿಸಿದಳು. ತೊಟ್ಟಿಲು ಬಂದ ಮನೆಯ ಸೊಸೆಗೆ ಒಂದು ತೂಕ ಇರ್ತದೆ. ನನ್ನ ಮಕ್ಕಳು ಅದರಲ್ಲಿ ಮಲಗಿದವು, ಮೊಮ್ಮಕ್ಕಳೂ ಮಲಗಿದವು, ಆಮೇಲೆ ಅದು ಅಟ್ಟ ಸೇರಿತು.

ಎರಡನೆಯದು ಆ ಹುಡುಗಿ ಕೊಟ್ಟ ಕೌದಿ.

ಅವಳು ಕೊಪ್ಪಳದ ಕಡೆಯವಳು. ಕೆಳಗಿನ ಸಾಲಿನ ಕೊನೇ ರೂಮಿಗೆ ಗಂಡನ ಜೊತೆ ಬಂದಳು. ಗಂಡನಿಗೆ ಬೊಮ್ಮಸಂದ್ರದಲ್ಲಿ ಡಬ್ಬ ಪ್ಯಾಕ್ ಮಾಡೋ ಕಡೆ ಶಿಫ್ಟ್ ಕೆಲಸ, ಇವಳು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲೀತಿದ್ದಳು. ಮನೆಯವರಿಗೆ ಬೇಡದ ಮದುವೆ. ತವರಿನವರು ಸತ್ತಳು ಅಂತ ನೀರು ಬಿಟ್ಟಿದ್ದರು. ನನ್ನ ಹತ್ತಿರ ಅದನ್ನೆಲ್ಲ ಅಳುತ್ತಾ ಹೇಳಲಿಲ್ಲ. ನಲ್ಲಿ ಹತ್ತಿರ ಬಟ್ಟೆ ಹಿಂಡುತ್ತಾ, ಅಕ್ಕಿ ರೇಟು ಹೇಳೋ ಹಾಗೆ ಹೇಳಿದಳು. ಅದಕ್ಕೇ ನನಗೆ ಹಿಡಿಸಿದಳು.

ಬಸುರಿ ಆದಳು. ಹೊಟ್ಟೆ ಮುಂದೆ ಬಂದ ಮೇಲೂ ಕೆಲಸಕ್ಕೆ ಹೋಗ್ತಿದ್ದಳು. ಈಗಲೇ ರಜೆ ತಗೊಂಡರೆ ಹೆತ್ತ ಮೇಲೆ ಮಗು ಜೊತೆ ಇರೋಕೆ ರಜೆ ಉಳಿಯೋದಿಲ್ಲ ಅಂತ ಲೆಕ್ಕ. ಅಲ್ಲಿ ಎಲ್ಲ ಹೆಂಗಸರದ್ದೂ ಅದೇ ಲೆಕ್ಕ. ಒಂಬತ್ತು ತುಂಬಿದ ಮೇಲೆ ಹೆರಿಗೆಗೆ ಗಂಡನ ಊರಿಗೆ ಹೋಗೋದು ಅಂತ ಇತ್ತು.

ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದೆ. ಬಂದು ಪಕ್ಕದಲ್ಲಿ ಕೂತು ತಾನೂ ಬಿಡಿಸೋಕೆ ಶುರು ಮಾಡಿದಳು.

"ಓನರಜ್ಜಿ, ನಿಮ್ಮ ಕಡೆ ತೊಟ್ಟಿಲ ಯಾರು ಕೊಡ್ತಾರ್ರಿ?"

"ತವರಿನವರು."

"ನಮ್ಮ ಕಡೀನೂ ಹಂಗ ಐತ್ರಿ. ನಮ್ಮತ್ತಿ ಫೋನ್ ಮಾಡಿದಾಗೊಮ್ಮೆ ಕೇಳ್ತಾಳ. ತೊಟ್ಟಿಲ ಎಲ್ಲಿಂದ ಬರ್ತೈತೆವ್ವ, ಆಕಾಶದಿಂದ ಇಳಿತೈತೇನು, ಅಂತ."

"ಸೀರೇಲಿ ಜೋಲಿ ಕಟ್ಟಿದ್ರೆ ಮಗು ಮಲಗಲ್ವಾ? ಅದಕ್ಕೇನು ಗೊತ್ತಾಯ್ತದೆ?"

"ಕೂಸಿಗೆ ಗೊತ್ತಾಗೂದಿಲ್ರಿ," ಅಂದಳು. "ಅತ್ತಿಗೆ ಗೊತ್ತಾಗತೈತಿ."

ಅವರೆಕಾಳು ಬುಟ್ಟಿಗೆ ಹಾಕಿ ಎದ್ದು ಹೋದಳು. ನಾನು ಕೊಡ್ತೀನಿ ಅಂತ ಆಗ ಹೇಳಲಿಲ್ಲ. ಮಾರನೇ ದಿನ ಮಗನಿಗೆ ಅಟ್ಟ ಹತ್ತೋಕೆ ಹೇಳಿದೆ. ಸೊಸೆ ಅಡ್ಡ ಬಂದಳು.

"ಅತ್ತೆ, ಹೆರೋಕ್ ಮುಂಚೆ ತೊಟ್ಲು ಮನೇಗೆ ತರಬಾರ್ದು. ನೀವೇ ನಂಗೆ ಒಂದು ಕಾಲುಚೀಲ ತರೋಕೂ ಬಿಟ್ಟಿರ್ಲಿಲ್ಲ."

"ಬಿಟ್ಟಿರ್ಲಿಲ್ಲ. ನಿಂಗೆ ನಿಮ್ಮವ್ವ ಇದ್ಲು, ಆಮೇಲೆ ತಂದ್ಲು. ಇವಳಿಗೆ ಆಮೇಲೆ ಯಾರು ತತ್ತಾರೆ? ಅವರತ್ತೆ ಮನೆ ಬಾಗ್ಲಿಗೆ ನಾನು ಹೊತ್ಕೊಂಡು ಓಗ್ಲಾ?"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ ತಲೆಗೇ ಕಟ್ತಾರೆ."

"ಕಟ್ಲಿ. ತಲೆ ಗಟ್ಟಿಯಾಗೈತೆ."

ಮಗ ತೊಟ್ಟಿಲು ಇಳಿಸಿದ. ಧೂಳು ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಒಂದು ಗಿಣಿಯ ಬಣ್ಣ ಪೂರ್ತಿ ಹೋಗಿ ಬೋಳಾಗಿತ್ತು. ಹಾಗೇ ಬಿಟ್ಟೆ.

ಅವಳ ರೂಮಿನಲ್ಲಿ ಇಳಿಸಿದೆವು. ಅವಳು ನೆಲದ ಮೇಲೆ ಕೂತು ಒಂದೊಂದು ಗೂಟವನ್ನೂ ಕೈಯಲ್ಲಿ ತಿರುಗಿಸಿ ನೋಡಿದಳು. ಅಂಗಡಿಯಲ್ಲಿ ಸೀರೆ ನೋಡೋ ಹಾಗಲ್ಲ, ಆಸ್ಪತ್ರೆಯಲ್ಲಿ ನರ್ಸಮ್ಮ ಕೂಸಿನ ಬೆರಳು ನೋಡೋ ಹಾಗೆ. ಆಮೇಲೆ ನನ್ನ ಕಾಲು ಹಿಡಿದಳು. "ಏಳು, ಹೊಟ್ಟೆ ಮಡಚ್ಕೊಂಡು ಬಗ್ಗಬೇಡ" ಅಂತ ಗದರಿದೆ. ಅವಳು ಎದ್ದು, "ಯವ್ವಾ" ಅಂದಳು. ಅವತ್ತಿನಿಂದ ಓನರಜ್ಜಿ ಅನ್ನೋದು ನಿಂತಿತು.

ನಿಜ ಹೇಳ್ತೀನಿ, ನಾನು ಯಾರಿಗೆ ಏನು ಕೊಟ್ಟಾಗಲೂ ಅಷ್ಟು ಸಂತೋಷ ಆಗಿರಲಿಲ್ಲ. ಕೊಟ್ಟ ಮೇಲೆ ಇವಳು ಇದನ್ನು ಯಾರಿಗೆ ದಾಟಿಸ್ತಾಳೋ ಅನ್ನೋ ಅನುಮಾನ ಇರದ ಉಡುಗೊರೆ ಅದೊಂದೇ.

ರೂಮು ಅಂದರೆ ಒಂದು ಚಾಪೆ ಹಾಸಿದರೆ ಮುಗೀತು, ಅಷ್ಟೇ ಜಾಗ. ಗಂಡ ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲೇ ನಿಂತ.

"ಅಜ್ಜಿ, ಇನ್ನ ಕೂಸು ಒಳಗ ಮಲಗತೈತಿ, ನಾವಿಬ್ರೂ ಹೊರಗ ಮಲಗಬೇಕ್ರಿ."

"ಮಲಗು. ನಿಂಗೇನು, ನಿಂತ್ಕೊಂಡೇ ಗೊರಕೆ ಹೊಡೀತೀಯ ಅಂತಾಳೆ ನಿನ್ ಹೆಂಡ್ತಿ."

ಖಾಲಿ ತೊಟ್ಟಿಲು ಇರಬಾರದು, ಒಳಗೆ ಒಂದು ಗುಂಡುಕಲ್ಲು ಇಡು ಅಂತ ಹೇಳಿದ್ದೆ. ಮಿಕ್ಸಿ ಇಟ್ಟುಕೊಂಡ ಮನೆಯಲ್ಲಿ ಗುಂಡುಕಲ್ಲು ಎಲ್ಲಿರ್ತದೆ? ಮಾರನೇ ದಿನ ಬಗ್ಗಿ ನೋಡಿದರೆ ಗಂಡನ ಹೆಲ್ಮೆಟ್ಟನ್ನು ಟವೆಲ್‌ನಲ್ಲಿ ಸುತ್ತಿ ಮಲಗಿಸಿದ್ದಾಳೆ. ಇಬ್ಬರೂ ನಕ್ಕೂ ನಕ್ಕೂ ಸಾಕಾಯ್ತು. ಅವಳು ಹೊಟ್ಟೆ ಹಿಡಿದುಕೊಂಡು, "ಬ್ಯಾಡ್ರಿ ಯವ್ವಾ, ನಗಸಬ್ಯಾಡ್ರಿ, ಒಳಗ ಇದೂ ಒದಿಯಾಕ ಹತ್ತೈತಿ" ಅಂದಳು.

ಆಮೇಲೆ ಅವಳು ಕೌದಿ ಹೊಲಿಯೋಕೆ ಕೂತಳು. ಫ್ಯಾಕ್ಟರಿಗಳ ಹಿಂದಿನ ರಸ್ತೆಯಲ್ಲಿ ಕತ್ತರಿಸಿ ಉಳಿದ ಬಟ್ಟೆ ಚೂರನ್ನು ಮೂಟೆಯಲ್ಲಿಟ್ಟು ಮಾರೋ ಅಂಗಡಿಗಳಿವೆ. ಅಲ್ಲಿಂದ ಚೂರು ತಂದು ಕೈಯಲ್ಲೇ ಹೊಲಿದಳು. ದಿನವಿಡೀ ಮಿಷಿನ್ ತುಳಿದು ಬಂದವಳು ಕೈಯಲ್ಲಿ ಯಾಕೆ ಹೊಲೀತೀಯ ಅಂದರೆ, "ಮಿಷಿನ್ ಹೊಲಿಗಿ ಕಂಪನೀದು, ಕೈ ಹೊಲಿಗಿ ನಂದು" ಅಂದಳು. ಮಗುವಿಗೆ ಅಂತ ನಾನು ಅಂದುಕೊಂಡಿದ್ದೆ. ಮುಗಿದ ದಿನ ಮಡಚಿ ತಂದು ನನ್ನ ತೊಡೆ ಮೇಲೆ ಹಾಕಿದಳು.

"ಇದು ನಿಮಗರಿ. ತವರಿನ ತೊಟ್ಟಿಲ ತಗೊಂಡ ಮಗಳು ಸುಮ್ನ ಕುಂದ್ರಬಾರದ್ರಿ."

ಬಿಚ್ಚಿ ನೋಡಿದೆ. ಅಂಗಿ ಕಾಲರು, ಪ್ಯಾಂಟಿನ ಜೇಬು, ಯಾವುದೋ ಮಗುವಿನ ಫ್ರಾಕಿನ ಹೂವಿನ ಬಟ್ಟೆ. ಹೊಲಿಗೆ ಮಾತ್ರ ರಾಗಿ ಸಾಲಿನ ಹಾಗೆ ನೆಟ್ಟಗೆ, ಒಂದು ಕಡೆ ಸೊಟ್ಟ ಇಲ್ಲ. ನಾನು ಚೆನ್ನಾಗೈತೆ ಅಂತ ಹೇಳಲಿಲ್ಲ. "ಭಾರ ಐತೆ" ಅಂದೆ. ಅವಳಿಗೆ ಅರ್ಥ ಆಯಿತು, ನಕ್ಕಳು.

ಆ ಬೆಳಗ್ಗೆ ನಲ್ಲಿ ಹತ್ತಿರ ಕೊಡ ಇಟ್ಟು ಸುಮ್ಮನೆ ನಿಂತಿದ್ದಳು. ಮುಖ ಊದಿತ್ತು.

"ಏನಾಯ್ತು?"

"ಯಾಕೋ ಹೊಟ್ಯಾಗ ಸುಮ್ನೈತ್ರಿ. ರಾತ್ರಿಯಿಂದ ಒದ್ದಿಲ್ಲ."

"ಕೊಡ ಅಲ್ಲೇ ಬಿಡು, ಆಸ್ಪತ್ರೆಗೆ ಓಗು."

"ಹೇಳದ ಕೇಳದ ರಜಾ ಹಾಕಿದ್ರ ಹೆಸರ ತಗೀತಾರ್ರಿ. ಹೋಗಿ ಪರ್ಮಿಷನ್ ತಗೊಂಡು ಹಂಗ ಆಸ್ಪತ್ರಿಗೆ ಹೊಕ್ಕೀನಿ."

ಕಂಪನಿ ವ್ಯಾನು ಬಂತು, ಹತ್ತಿ ಹೋದಳು. ಮುಂದಿನದನ್ನು ಹೇಳಿದ್ದು ಪಕ್ಕದ ರೂಮಿನವಳು, ಅದೇ ಲೈನಿನಲ್ಲಿ ಬಟನ್ ಹಾಕೋಳು. ಹೋದ ತಕ್ಷಣ ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದ್ದಾಳೆ. ಇವತ್ತು ಮಾಲು ಹೋಗಬೇಕು, ಊಟ ಆದ ಮೇಲೆ ನೋಡಾಣ ಅಂದನಂತೆ. ಊಟ ಆದ ಮೇಲೆ ಮತ್ತೆ ಹೋದಳು. ನಿನಗೊಬ್ಬಳಿಗೇನಾ ಹೊಟ್ಟೆ ಇರೋದು ಅಂದನಂತೆ. ಅವನಿಗೂ ಅಮ್ಮ ಇರ್ತಾಳೆ, ಹೆಂಡತಿ ಇರ್ತಾಳೆ. ಮಾಲು ಹೋಗಬೇಕು ಅನ್ನೋದರ ಮುಂದೆ ಅವನಿಗೆ ಯಾರೂ ಕಾಣಲಿಲ್ಲ, ಅಷ್ಟೇ. ಸಾಯಂಕಾಲ ಇವಳು ಮಿಷಿನ್ ಮೇಲೇ ತಲೆ ಇಟ್ಟಾಗ ಎತ್ತಿಕೊಂಡು ಓಡಿದರು. ಹತ್ತಿರದ ಆಸ್ಪತ್ರೆಯಲ್ಲಿ ಇಲ್ಲಾಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಆ ಹೊತ್ತಿನಲ್ಲಿ ಹೊಸೂರು ರಸ್ತೆ ಹೇಗಿರ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹೆಣ್ಣು ಮಗು. ಒಳಗೇ ಹೋಗಿತ್ತು. ಬಿಪಿ ಏರಿದೆ, ಬೆಳಗ್ಗೆ ಯಾಕೆ ಕರೆದುಕೊಂಡು ಬರಲಿಲ್ಲ ಅಂತ ಡಾಕ್ಟರಮ್ಮ ಗಂಡನನ್ನು ಬೈದರು.

ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಎಲ್ಲಿ ಮಣ್ಣು ಮಾಡೋದು ಅಂತ ಅವನಿಗೆ ಗೊತ್ತಿಲ್ಲ. ಬಾಡಿಗೆಗೆ ಬಂದವರಿಗೆ ಅಷ್ಟು ನೆಲ ಈ ಊರಲ್ಲಿ ಎಲ್ಲಿದೆ? ಫ್ಯಾಕ್ಟರಿ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ನಮ್ಮ ಹೊಲದ ಬದು ಒಂದಿಷ್ಟು ಉಳಿದಿದೆ, ನನ್ನ ಗಂಡನನ್ನು ಇಟ್ಟಿರೋದೂ ಅಲ್ಲೇ. ಅವರ ಪಕ್ಕದಲ್ಲಿ ಅಗೆಯಪ್ಪ ಅಂತ ಮಗನಿಗೆ ಹೇಳಿದೆ. ಗೋಡೆಯ ಆಚೆ ಮಿಷಿನ್ನು ಓಡ್ತಾನೇ ಇತ್ತು. ಆ ಮಗುವಿಗೆ ಈ ಊರಿನಲ್ಲಿ ಸಿಕ್ಕಿದ್ದು ಅಷ್ಟು ಮಣ್ಣು.

ಅವಳನ್ನು ಆಸ್ಪತ್ರೆಯಿಂದ ಕಳಿಸೋ ದಿನಕ್ಕೆ ಅವಳ ಅತ್ತೆ ಊರಿಂದ ಬಂದಿಳಿದಳು. ಒಣಗಿದ ಹೆಂಗಸು, ನನ್ನ ಹಾಗೇ. ತನ್ನ ಮಗ ಸೊಸೆ ಜೊತೆ ಆಸ್ಪತ್ರೆಯಿಂದ ಬಂದು ಬಾಗಿಲು ತೆಗೆದು ಒಳಗೆ ಕಾಲಿಟ್ಟಿದ್ದಾಳೆ, ಎದುರಿಗೆ ತೊಟ್ಟಿಲು, ತೊಟ್ಟಿಲಲ್ಲಿ ಟವೆಲ್ ಹೊದ್ದ ಹೆಲ್ಮೆಟ್ಟು. ಅವಳು ಕೂಗಿದ್ದು ಮೇಲಿನ ನಮ್ಮ ಅಡುಗೆಮನೆಗೆ ಕೇಳಿಸಿತು. ನಾನು ಇಳಿದು ಬರುವಷ್ಟರಲ್ಲಿ ತನ್ನ ಮಗನ ಕೈಯಲ್ಲೇ ತೊಟ್ಟಿಲನ್ನು ಎಳೆಸಿ ನಮ್ಮ ಮೆಟ್ಟಿಲ ಬುಡಕ್ಕೆ ಹಾಕಿಸಿದ್ದಳು. ಸಾಲಿನ ಬಾಗಿಲೆಲ್ಲ ತೆಗೆದಿದ್ದವು.

"ತಗೋರಿ ನಿಮ್ಮ ತೊಟ್ಟಿಲ! ಹುಟ್ಟೂಕಿಂತ ಮದ್ಲ ತೊಟ್ಟಿಲ ಕೊಡಾಕ ನಿಮಗ ಯಾರು ಹೇಳಿದ್ರು? ಕೂಸಿನ ಜಾಗಾದಾಗ ಟೊಪ್ಪಿಗಿ ಮಲಗಿಸ್ಯಾರ! ವಯಸ್ಸಾಗೇತಿ, ಬುದ್ಧಿ ಬ್ಯಾಡೇನು?"

"ಬುದ್ಧಿ ನಂಗಿದ್ದಷ್ಟು ಐತೆ. ಮಗು ಸತ್ತಿದ್ದು ಬಿಪಿ ಏರಿ. ನಿನ್ ಮಗನ್ನ ಕೇಳು, ಡಾಕ್ಟ್ರಮ್ಮನ್ನ ಕೇಳು."

"ಬೀಪಿ ಎಲ್ಲಾರಿಗೂ ಏರತೈತಿ. ಎಲ್ಲಾರ ಕೂಸೂ ಸಾಯ್ತಾವೇನು?"

"ಎಲ್ಲಾರೂ ಬೆಳಗ್ಗೆಯಿಂದ ಸಾಯಂಕಾಲದ್ ತನಕ ಕಾಲರ್ ಹೊಲ್ಕೊಂಡು ಕೂತಿರ್ತಾರಾ? ಆ ಸೂಪರ್‌ವೈಸರ್ ಹತ್ರ ಓಗಿ ಕೂಗು. ನನ್ನ ಮೆಟ್ಲ ಹತ್ರ ಕೂಗಿದ್ರೆ ಏನ್ ಬಂತು?"

ಅವಳ ಮಗ, ಆ ಗಂಡು, ಗೋಡೆ ನೋಡಿಕೊಂಡು ನಿಂತಿದ್ದ.

ನಾನು ತೊಟ್ಟಿಲು ದಾಟಿಕೊಂಡು ಹುಡುಗಿಯ ರೂಮಿಗೆ ಹೋದೆ. ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಾಲು ಕಟ್ಟಿ ರವಿಕೆ ಎದೆಯ ಹತ್ತಿರ ಒದ್ದೆ ಆಗಿತ್ತು. ಮೈ ಮುಟ್ಟಿದರೆ ಬಿಸಿ. ಆಸ್ಪತ್ರೆಯಲ್ಲಿ ಉಟ್ಟಿದ್ದ ಸೀರೆ ಇನ್ನೂ ಮೈಮೇಲೇ ಇದೆ, ತಲೆ ಜಡೆಗಟ್ಟಿದೆ. ಯಾರೂ ಒಂದು ಚೊಂಬು ಬಿಸಿನೀರು ಹಾಕಿಲ್ಲ. ಬಾಗಿಲಿಂದ ಅತ್ತೆ ಹೇಳ್ತಾನೇ ಇದ್ದಳು: ಕೂಸಿಲ್ಲದಾಕಿಗೆ ಏನ್ ಬಾಣಂತನ, ತಿನ್ನಾಕ ಅಂಟಿನುಂಡಿ ಕಟ್ಟಿ ಕೊಡ್ಲೇನು, ನಾಲ್ಕು ದಿನ ಬಿಟ್ಟು ಕೆಲಸಕ್ಕ ಹೋಗ್ಲಿ, ಕುಂತರ ತಲಿ ಕೆಡತೈತಿ.

ಹುಡುಗಿ ನನ್ನ ಮುಖ ನೋಡಲಿಲ್ಲ.

"ಯವ್ವಾ... ಓನರಜ್ಜಿ," ಅಂದಳು. ತಿದ್ದಿಕೊಂಡಳು. "ತೊಟ್ಟಿಲ ಹೊಳ್ಳಿ ಒಯ್ರಿ. ನನ್ನ ಕೌದಿ ನನಗ ಕೊಟ್ಟುಬಿಡ್ರಿ."

ಅತ್ತೆ ಬೈದದ್ದು ನನಗೆ ನಾಟಿರಲಿಲ್ಲ. ಅಂಥ ಬೈಗುಳ ನಾನೂ ಎಷ್ಟೋ ಬೈದಿದ್ದೀನಿ. ಇದು ನಾಟಿತು. ಕೊಟ್ಟದ್ದು ಎರಡೂ ಕಡೆಯಿಂದ ವಾಪಸ್ ಹೋಯಿತು ಅಂದರೆ ನಮ್ಮಲ್ಲಿ ನಂಟು ಹರಿದ ಹಾಗೆ. ಹೆಣ್ಣು ನೋಡಿ ಒಪ್ಪಿ ಆಮೇಲೆ ಮದುವೆ ಮುರಿದಾಗ ಹಾಗೇ ಮಾಡೋದು, ಅವರ ಸೀರೆ ಅವರಿಗೆ, ಇವರ ಉಂಗುರ ಇವರಿಗೆ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಕೇಳಿದಳು. ತೊಟ್ಟಿಲಿಂದಲೇ ಆಯಿತು ಅಂತ ಅವಳೂ ನಂಬಿದ್ದಳು. ನನ್ನನ್ನು ಬೈಯದಿದ್ದರೆ ಅವಳು ತನ್ನನ್ನೇ ಬೈದುಕೊಳ್ಳಬೇಕಿತ್ತು.

"ಕೊಡಲ್ಲ," ಅಂದೆ.

"ಕೊಡ್ರಿ."

"ಕೊಡಲ್ಲ ಅಂದ್ನಲ್ಲ. ತೊಟ್ಲು ಬೇಡ ಅಂದ್ರೆ ಅಟ್ಟದ್ ಮೇಲೆ ಹಾಕಿಸ್ತೀನಿ, ಅದು ನಿಂದೇ, ನನ್ನ ಮನೇಲಿ ಇರ್ತದೆ ಅಷ್ಟೇ. ಕೌದಿ ನಂದು. ನೀನು ಕೊಟ್ಟೆ, ನಾನು ತಗೊಂಡೆ, ಮುಗೀತು. ಪೊಲೀಸ್ನೋರನ್ನ ಕರ್ಸಿದ್ರೂ ಕೊಡಲ್ಲ."

ಅವಳು ಆಗ ಅತ್ತಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ ಅಂತ ಗಂಡ ಆಮೇಲೆ ಹೇಳಿದ. ಅಳು ಅಂದರೆ ಅಳು ಅಲ್ಲ, ದನ ಕೂಗೋ ಹಾಗೆ. ನಾನು ತಬ್ಬಿಕೊಳ್ಳಲಿಲ್ಲ, ಅದೆಲ್ಲ ನನಗೆ ಬರೋದಿಲ್ಲ. ಪಕ್ಕದಲ್ಲಿ ಕೂತಿದ್ದೆ. ಅತ್ತೆ ಬಾಗಿಲಲ್ಲಿ ನಿಂತೇ ಇದ್ದಳು, ಬೈಯೋದು ನಿಲ್ಲಿಸಿದ್ದಳು.

ಏಳುವಾಗ ಅತ್ತೆಯನ್ನು ಕೇಳಿದೆ, "ನೋಡಮ್ಮ, ಚೊಚ್ಚಲು ಬಾಣಂತನ ಯಾರದ್ದು ನಿಮ್ ಕಡೆ?"

"ತವರಿನವರದು," ಅಂದಳು. "ಆದ್ರ ಇಕಿಗೆ..."

"ತವರಿಂದು ಅಂದ್ಮೇಲೆ ನಿಂಗೆ ಅದ್ರಲ್ಲಿ ಬಾಯಿ ಹಾಕೋ ಅಧಿಕಾರ ಇಲ್ಲ. ಮಗು ಹೋಗೈತೆ, ಹೆತ್ತ ಮೈ ಎಲ್ಲೂ ಹೋಗಿಲ್ಲ. ಇರೋಹಂಗಿದ್ರೆ ಇರು, ಊಟ ಕಳಿಸ್ತೀನಿ. ಇವಳನ್ನ ಮುಟ್ಟಬೇಡ."

ಮೇಲೆ ಬಂದೆ. ನಾನು ಆಗಲೇ ಹೇಳಿದ್ದೆ ಅಂತ ಸೊಸೆ ಅಂತಾಳೆ ಅಂದುಕೊಂಡಿದ್ದೆ. ಅವಳು ಬೆಳ್ಳುಳ್ಳಿ ಬಿಡಿಸಿ ಮೆಣಸಿನ ಜೊತೆ ಹುರಿಯೋಕೆ ಇಟ್ಟಿದ್ದಳು, ಬಾಣಂತಿ ಸಾರಿಗೆ.

ಮಾರನೇ ದಿನ ಬೆಳಗ್ಗೆ ಹಿತ್ತಿಲಿನ ಬಚ್ಚಲಲ್ಲಿ ಹಂಡೆ ಒಲೆ ಹಚ್ಚಿದೆ. ಸೋಲಾರ್ ಬಂದ ಮೇಲೆ ಆ ಒಲೆ ಬೂದಿ ಕಂಡಿರಲಿಲ್ಲ. ಫ್ಯಾಕ್ಟರಿಯ ಪ್ಯಾಕಿಂಗ್ ಹಲಗೆ ಸೀಳಿ ಇಟ್ಟಿದ್ದೆವು, ಅದನ್ನು ತುರುಕಿದೆ. ನೀರು ಕುದಿಯೋವರೆಗೂ ಕಾಯಿಸಿದೆ. ಹರಳೆಣ್ಣೆ ಬಿಸಿ ಮಾಡಿಕೊಂಡು ಕೆಳಗೆ ಹೋದೆ. ಬರಲ್ಲ ಅಂದಳು, ರಟ್ಟೆ ಹಿಡಿದು ಎಬ್ಬಿಸಿದೆ. ಸಾಲಿನ ಹೆಂಗಸರು ಬ್ರಷ್ಷು ಬಾಯಲ್ಲಿಟ್ಟುಕೊಂಡು ನೋಡ್ತಿದ್ದರು. ಮಣೆ ಮೇಲೆ ಕೂರಿಸಿ ನೆತ್ತಿಯಿಂದ ಹಿಮ್ಮಡಿವರೆಗೆ ಎಣ್ಣೆ ತಿಕ್ಕಿದೆ. ಸೊಂಟಕ್ಕೆ, ಬೆನ್ನಿಗೆ ಚೊಂಬುಚೊಂಬು ನೀರು ಬೀಸಿ ಬೀಸಿ ಹಾಕಿದೆ. ಸುಡ್ತೈತ್ರಿ ಅಂದಳು. ಸುಡಲಿ ಅಂದೆ. ಸೊಸೆ ಸಾಂಬ್ರಾಣಿ ಕೆಂಡ ತಂದಿಟ್ಟಳು. ಕೂದಲು ಒಣಗಿಸಿ, ಹೊಟ್ಟೆಗೆ ನನ್ನ ಹಳೇ ನೂಲಿನ ಸೀರೆ ಬಿಗಿಯಾಗಿ ಸುತ್ತಿದೆ. ಹಾಲು ಇಂಗಬೇಕಿತ್ತು. ಮಗನನ್ನು ಕಳಿಸಿ ಹೂವಿನವಳ ಹತ್ತಿರ ಮಲ್ಲಿಗೆ ತರಿಸಿದ್ದೆ. ಅದನ್ನು ಅವಳ ಎದೆಯ ಮೇಲೆ ಹರಡಿ, ಬಟ್ಟೆ ಅಡ್ಡ ಹಾಕಿ, ಹಿಂದೆ ಗಂಟು ಹಾಕಿ ಕಟ್ಟಿದೆ. ಆಮೇಲೆ ಚಾಪೆ ಮೇಲೆ ಮಲಗಿಸಿ ನನ್ನ ಕೌದಿ ಹೊದಿಸಿದೆ, ಬಾಣಂತನ ಮುಗಿದ ಮೇಲೆ ವಾಪಸ್ ಕೊಡಬೇಕು ಅಂತ ಹೇಳಿಯೇ ಹೊದಿಸಿದೆ.